ಅಲ್ಲ ಎನ್ನಲು ಕಲಿಸಿದ ಅಕ್ಕೋರು

ಸೀಮೆಸುಣ್ಣವನ್ನು ಅವರು ಮುಷ್ಟಿಯಲ್ಲಿ ಹಿಡಿಯುತ್ತಿದ್ದರು, ಚಿಕ್ಕ ಮಕ್ಕಳು ಚಮಚ ಹಿಡಿದ ಹಾಗೆ. ಬಲಗೈಯ ನಾಲ್ಕೂ ಬೆರಳು ಕಿರುಬೆರಳಿನ ಕಡೆಗೆ ವಾಲಿಕೊಂಡಿದ್ದವು. ಗೆಣ್ಣುಗಳು ಊದಿ ಹೊಳೆಯುತ್ತಿದ್ದವು. ಸಂಧಿವಾತ, ಮೂವತ್ತು ದಾಟುವ ಮೊದಲೇ ಹತ್ತಿದ್ದು. ಹಲಗೆಯ ಮೇಲೆ ಒಂದು ಅಕ್ಷರ ಮೂಡಿಸಬೇಕೆಂದರೆ ಭುಜದಿಂದ ಬಲ ಹಾಕಬೇಕಾಗುತ್ತಿತ್ತು. ಅಕ್ಷರ ದೊಡ್ಡದಾಗಿ, ಸೊಟ್ಟಗೆ, ನಡುಗುತ್ತ ಬರುತ್ತಿತ್ತು. ಪೆನ್ಸಿಲ್ ಹಿಡಿಯಲು ಬಾರದೆ ಶಾಲೆ ಬಿಟ್ಟಿದ್ದ ಹುಡುಗರು ಮೊದಲ ದಿನ ಪಾಠ ಕೇಳಲಿಲ್ಲ, ಆ ಕೈಯನ್ನೇ ನೋಡುತ್ತ ಕೂತರು. ಕೊನೆಗೆ ಒಬ್ಬ ಮರಾಠಿಯಲ್ಲಿ ಕೇಳಿಯೇಬಿಟ್ಟ, "ಟೀಚರ್ ಬಾಯಿ, ನಿಮಗೂ ಬರೆಯೋಕೆ ಬರೋದಿಲ್ಲವಾ?" ಅವರು ಹಲಗೆಯಿಂದ ಹಿಂದೆ ಸರಿದು ತಾವು ಬರೆದದ್ದನ್ನು ಪರೀಕ್ಷೆ ಮಾಡುವವರಂತೆ ನೋಡಿದರು. "ಬರುತ್ತೆ. ಚೆಂದ ಬರೋದಿಲ್ಲ, ಅಷ್ಟೇ" ಎಂದರು.

ಪುಣೆಯ ಒಂದು ಬಾಲಕರ ವೀಕ್ಷಣಾಲಯದಲ್ಲಿ ನಾನು ಕಾರಕೂನ. ಜನ ಇನ್ನೂ ಅದನ್ನು ರಿಮಾಂಡ್ ಹೋಮ್ ಎಂದೇ ಕರೆಯುತ್ತಾರೆ. ಹದಿನೆಂಟು ತುಂಬದ ಹುಡುಗರನ್ನು ಪೊಲೀಸರು ಹಿಡಿದರೆ, ಬಾಲ ನ್ಯಾಯ ಮಂಡಳಿಯ ಮುಂದೆ ಅವರ ವಿಷಯ ತೀರ್ಮಾನವಾಗುವ ತನಕ ಇಟ್ಟುಕೊಳ್ಳುವ ಜಾಗ. ಸೇರಿದ ಮೊದಲ ವರ್ಷ ಕೆಲವು ಹುಡುಗರ ಮುಖ ಮನೆಯವರೆಗೂ ಜೊತೆಗೆ ಬರುತ್ತಿತ್ತು. ಎರಡನೆಯ ವರ್ಷ ಸ್ವಾರಗೇಟಿನಲ್ಲಿ ಬಸ್ಸು ಬದಲಿಸುವಷ್ಟರಲ್ಲಿ ಮರೆತುಹೋಗುತ್ತಿತ್ತು. ಆಮೇಲೆ ಬರುವುದೇ ನಿಂತಿತು. ನಾನು ಕೆಟ್ಟವನಾದೆ ಎಂದೇನೂ ನನಗೆ ಅನ್ನಿಸಲಿಲ್ಲ. ಏನೂ ಅನ್ನಿಸಲಿಲ್ಲ. ಹೆಸರು, ತಂದೆಯ ಹೆಸರು, ವಯಸ್ಸು, ಗುರುತಿನ ಮಚ್ಚೆ, ಅಪರಾಧದ ಕಲಮು. ಟೈಪು ಮಾಡುವುದು, ಸಹಿ ಹಾಕಿಸುವುದು, ಕಟ್ಟಿಡುವುದು.

ಅಂಥ ಹೊತ್ತಿನಲ್ಲಿ ಅವರು ವಿಶೇಷ ಶಿಕ್ಷಕಿ ಎಂಬ ಹುದ್ದೆಗೆ, ಒಂದು ವರ್ಷದ ಗುತ್ತಿಗೆಯ ಮೇಲೆ ಬಂದರು. ಬುದ್ಧಿ ನಿಧಾನವಾದವರು, ಕಿವಿ ಕೇಳಿಸದವರು, ಅಕ್ಷರಗಳು ತಲೆಕೆಳಗಾಗಿ ಕಾಣುವವರು, ಇಂಥ ಹುಡುಗರೂ ನಮ್ಮಲ್ಲಿಗೆ ಬರುತ್ತಾರೆ, ಅವರಿಗೆ ಪಾಠ ಹೇಳುವವರು ಬೇಕು ಎಂದು ಮೇಲಿನಿಂದ ಕಾಗದ ಬಂದಿತ್ತು. ಅಲ್ಲಿಯವರೆಗೆ ಅಂಥ ಹುಡುಗರಿಗೆ ನಮ್ಮಲ್ಲಿ ಒಂದೇ ಹೆಸರಿತ್ತು: ದಡ್ಡ. ಹಾಸಿಗೆಗಳನ್ನು ಒಟ್ಟಿದ್ದ ಒಂದು ಕೋಣೆಯನ್ನು ಖಾಲಿ ಮಾಡಿಸಿ ಅವರಿಗೆ ಕೊಟ್ಟರು.

ಸೋಲಾಪುರದವರು. ಮನೆಮಾತು ಮರಾಠಿ. ಓಣಿಯಲ್ಲಿ ಕಲಿತ ಕನ್ನಡ ನಾಲಗೆಯ ಮೇಲೆ ಸಲೀಸಾಗಿತ್ತು. ಹುಡುಗರು ಮರಾಠಿ ರೂಢಿಯಂತೆ "ಬಾಯಿ" ಎನ್ನುತ್ತಿದ್ದರು. ನಾನು ಅಕ್ಕೋರು ಎಂದೆ. ವಿಜಾಪುರದಲ್ಲಿ ನಾನು ಓದಿದ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಹಾಗೇ ಕರೆಯುತ್ತಿದ್ದೆವು. ಅವರಿಗೂ ಅದು ಹಿಡಿಸಿತು. ನನ್ನಂತೆಯೇ ಅವರೂ ಧನಕವಡಿಯಲ್ಲಿ ಬಾಡಿಗೆಗೆ ಇದ್ದುದರಿಂದ ಸಂಜೆ ಒಂದೇ ಬಸ್ಸು. ಅವರು ಬಸ್ಸಿನಲ್ಲಿ ಮಾತಾಡುತ್ತಿರಲಿಲ್ಲ. ಕಿಟಕಿಯ ಪಕ್ಕ ಕೂತು ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ನೀವಿಕೊಳ್ಳುತ್ತಿದ್ದರು.

ಅವರು ಬಂದ ಎರಡನೆಯ ವಾರ. ನಾನು ಹಾಜರಿ ಪುಸ್ತಕ ಹಿಡಿದು ಅವರ ಕೋಣೆಗೆ ಹೋಗಿದ್ದೆ. ಮುಂದೆ ಒಬ್ಬನೇ ಹುಡುಗ ಕೂತಿದ್ದ. ಅವನ ನಿಜ ಹೆಸರು ಬರೆಯುವಂತಿಲ್ಲ. ಸಾಬಣ್ಣ ಎನ್ನುತ್ತೇನೆ. ಯಾದಗಿರಿ ಕಡೆಯವನು, ಹದಿನಾರು ವಯಸ್ಸು. ತಾಯಿತಂದೆ ಪುಣೆ ಹತ್ತಿರದ ರಾಂಜಣಗಾಂವದಲ್ಲಿ ಕಾರ್ಖಾನೆಯ ಶೆಡ್ಡು ಕಟ್ಟುವ ಕೆಲಸಕ್ಕೆ ಬಂದಿದ್ದರು. ಅಲ್ಲಿ ತಾಮ್ರದ ತಂತಿ ಕಳವಾಗಿತ್ತು. ಕದ್ದವರು ಓಡಿಹೋದರು. ಇವನು ತಂತಿಯ ಚೀಲದ ಮೇಲೆ ಕೂತಿದ್ದ. ಪೊಲೀಸರು ಬರುವವರೆಗೂ ಕೂತೇ ಇದ್ದ.

ಅಕ್ಕೋರು ಅವನಿಗೆ ಮರಾಠಿಯಲ್ಲಿ ಕೇಳಿದರು, "ನಿನಗೆ ರೆಕ್ಕೆ ಇವೆಯಾ?"

"ಹೋ" ಎಂದ ಸಾಬಣ್ಣ. ಮರಾಠಿಯಲ್ಲಿ ಹಾಗೆಂದರೆ ಹೌದು.

"ನಿನ್ನೆ ನಾನೂ ನೀನೂ ದಿಲ್ಲಿಗೆ ಹೋಗಿದ್ದೆವಾ?"

"ಹೋ."

ಅವರು ನನ್ನ ಕಡೆ ನೋಡಲಿಲ್ಲ. ಕನ್ನಡಕ್ಕೆ ತಿರುಗಿದರು. "ಸಾಬಣ್ಣ, ನಿನಗ ರೆಕ್ಕಿ ಅವ ಏನು? ಹಾರ್ತಿಯೇನು?"

"ಹೌದ್ರಿ" ಎಂದ. ತನ್ನ ಭಾಷೆ ಕೇಳಿ ಅವನ ಮುಖ ಒಮ್ಮೆ ಅರಳಿತು, ಅಷ್ಟೇ. ಉತ್ತರ ಬದಲಾಗಲಿಲ್ಲ.

ಆಗ ಅವರು ನನ್ನ ಕಡೆ ತಿರುಗಿದರು. "ಇವನ ರಿಪೋರ್ಟ್ ಟೈಪ್ ಮಾಡಿದವ್ರು ನೀವ ಅಲ್ರಿ?"

"ಹೌದು."

"ಅದರಾಗ ಎಲ್ಲಾ ಕಬೂಲ್ ಅಂತ ಅದ."

"ಅಂವಾ ಹಂಗ ಹೇಳಿದ್ನಲ್ರಿ, ಅಕ್ಕೋರ."

"ನೀವು ಅಲ್ಲೇ ಇದ್ರಿ. ನಿಮಗ ಕನ್ನಡ ಬರತದ. ಇವನಿಗೆ ಮರಾಠಿ ತಿಳೀವಲ್ದು ಅಂತ ನಿಮಗ ಗೊತ್ತಾಗಲಿಲ್ಲೇನು?"

ಗೊತ್ತಾಗಿತ್ತು. ಮಂಡಳಿಗೆ ವರದಿ ಕೊಡುವ ಪ್ರೊಬೇಶನ್ ಅಧಿಕಾರಿ ಮರಾಠಿಯಲ್ಲಿ ಒಂದೊಂದೇ ಪ್ರಶ್ನೆ ಕೇಳುವಾಗ ನಾನು ಮೂರು ಅಡಿ ದೂರದಲ್ಲಿ ಕೂತಿದ್ದೆ. ಹುಡುಗ "ಹೋ, ಹೋ" ಎನ್ನುತ್ತಿದ್ದ. ನಡುನಡುವೆ ಸಣ್ಣ ದನಿಯಲ್ಲಿ, "ಅವ್ವ ಎಲ್ಲಿದಾಳ್ರಿ? ಅವ್ವ ಬರ್ತಾಳೇನ್ರಿ?" ಎಂದು ಕೇಳುತ್ತಿದ್ದ. ಅಲ್ಲಿದ್ದವರಲ್ಲಿ ಅದು ಅರ್ಥವಾದದ್ದು ನನಗೊಬ್ಬನಿಗೆ. ಅದನ್ನು ತುಂಬಿಸಲು ನಮೂನೆಯಲ್ಲಿ ಅಂಕಣವಿರಲಿಲ್ಲ. ನಾನು ಟೈಪು ಮಾಡುತ್ತ ಹೋದೆ.

"ನನ್ನ ಯಾರೂ ಕೇಳಲಿಲ್ರಿ" ಎಂದೆ ಅಕ್ಕೋರಿಗೆ.

ಅವರು ಬೈಯಲಿಲ್ಲ. "ನಾಳೆಯಿಂದ ಮಧ್ಯಾಹ್ನ ಒಂದು ತಾಸು ಇಲ್ಲಿ ಬಂದು ಕೂಡ್ರಿ. ನನ್ನ ಕನ್ನಡ ಸಾಲೂದಿಲ್ಲ" ಎಂದು ಹಾಜರಿ ಪುಸ್ತಕಕ್ಕೆ ಸಹಿ ಹಾಕಿದರು. ಅದೂ ಮುಷ್ಟಿಯಲ್ಲೇ.

ಹೀಗೆ ನಾನು ಆ ಕೋಣೆಯಲ್ಲಿ ಕೂರತೊಡಗಿದೆ. ಇಷ್ಟಪಟ್ಟು ಹೋದೆ ಎಂದರೆ ಸುಳ್ಳಾಗುತ್ತದೆ. ಹೇಳಿದರು, ಹೋದೆ.

ಅಲ್ಲಿ ನಡೆಯುತ್ತಿದ್ದ ಪಾಠ ನಾನು ಅದುವರೆಗೆ ಕಂಡ ಯಾವ ಪಾಠದ ಹಾಗೂ ಇರಲಿಲ್ಲ. ಸಾಬಣ್ಣನಿಗೆ ಅಕ್ಷರ ಕಲಿಸುವ ಗೊಡವೆಗೆ ಅವರು ಹೋಗಲೇ ಇಲ್ಲ. "ಇವನಿಗೆ ಹೆಸರು ಬರಿಯಾಕ ಬರದಿದ್ರೂ ನಡೀತದ. ಅಲ್ಲ ಅನ್ನಾಕ ಬರಬೇಕು. ಬರಲಿಲ್ಲಂದ್ರ ಇವನ್ನ ಯಾರು ಬೇಕಾದ್ರೂ ಎಲ್ಲಿಗೆ ಬೇಕಾದ್ರೂ ಒಯ್ತಾರ" ಎನ್ನುತ್ತಿದ್ದರು. ಚಮಚ ತೋರಿಸಿ "ಇದು ಆನಿ ಹೌದೊ ಅಲ್ಲೊ?" ಎಂದು ಕೇಳುವುದು. ಅವನು "ಹೌದ್ರಿ" ಎನ್ನುವುದು. ಕಲ್ಲು ತೋರಿಸಿ ರೊಟ್ಟಿಯೇ ಎನ್ನುವುದು. "ಹೌದ್ರಿ." ವಾರಗಟ್ಟಲೆ ಇದೇ. ನನಗೆ ನಿದ್ದೆ ಬರುತ್ತಿತ್ತು. ಅವರ ದನಿ ಮಾತ್ರ ನಲವತ್ತನೆಯ ಸಲವೂ ಮೊದಲನೆಯ ಸಲದಂತೆಯೇ ಇರುತ್ತಿತ್ತು.

ಅವನು ಪೆದ್ದತನದಿಂದ ಹಾಗನ್ನುತ್ತಿಲ್ಲ ಎಂದು ತಿಳಿಸಿದವರೂ ಅವರೇ. ಹುಟ್ಟಿದಂದಿನಿಂದ ಅವನಿಗೆ ಎದುರಿನವರ ಮಾತು ಅರ್ಧಂಬರ್ಧ ತಿಳಿಯುತ್ತದೆ. ತಿಳಿಯಲಿಲ್ಲ ಎಂದಾಗಲೆಲ್ಲ ಏಟು ಬಿದ್ದಿದೆ. ಹೌದು ಎಂದಾಗ ಎದುರಿನವರು ಸುಮ್ಮನಾಗಿದ್ದಾರೆ. ಹದಿನಾರು ವರ್ಷದಲ್ಲಿ ಅವನು ಚೆನ್ನಾಗಿ ಕಲಿತ ಪಾಠ ಅದೊಂದೇ.

ಒಂದು ದಿನ ಅವರು ಕ್ಯಾಂಟೀನಿನಿಂದ ಮೂರು ಲೋಟ ಚಹಾ ತರಿಸಿದರು. ಸಕ್ಕರೆಯಿಲ್ಲದ ಚಹಾ. ನಮ್ಮೆದುರಿಗೇ ಪೊಟ್ಟಣ ಬಿಚ್ಚಿ ಮೂರಕ್ಕೂ ಒಂದೊಂದು ಚಮಚ ಉಪ್ಪು ಹಾಕಿ ಕದಡಿದರು. ಸಾಬಣ್ಣ ಒಂದು ಗುಟುಕು ಕುಡಿದ. ಅವನ ಮುಖ ಹಿಂಡಿತು, ಕಣ್ಣಲ್ಲಿ ನೀರು ಬಂತು.

"ಸೀ ಅದ ಏನೋ?"

"ಹೌದ್ರಿ" ಎಂದು ಇನ್ನೊಂದು ಗುಟುಕು ಕುಡಿದ.

ಅಕ್ಕೋರು ತಮ್ಮ ಲೋಟ ಎತ್ತಿ ಬಾಯಿತುಂಬ ಕುಡಿದು ಕಿಟಕಿಯ ಹೊರಗೆ ಉಗುಳಿದರು. "ಥೂ! ಇದೇನ್ ಚಹಾ ಏನು! ಇದು ಸೀ ಅಲ್ಲ!" ಎಂದು ಕೂಗಿದರು. ನನಗೂ ಸನ್ನೆ ಮಾಡಿದರು. ನಾನೂ ಕುಡಿದೆ, ನಾನೂ ಉಗುಳಿದೆ, ನಾನೂ "ಸೀ ಅಲ್ಲ" ಎಂದೆ. ಸಾಬಣ್ಣ ನಮ್ಮಿಬ್ಬರನ್ನೂ ನೋಡಿದ. ದೊಡ್ಡವರು ಉಗುಳುವುದನ್ನು, ಒಲ್ಲೆ ಎನ್ನುವುದನ್ನು, ಆದರೂ ಯಾರೂ ಅವರಿಗೆ ಹೊಡೆಯದೇ ಇರುವುದನ್ನು ನೋಡಿದ. ಆಮೇಲೆ ಎದ್ದು ಕಿಟಕಿಯವರೆಗೆ ಹೋಗಿ ಉಗುಳಿದ. ನಕ್ಕ. ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಸೀ ಅಲ್ರಿ" ಎಂದು ಅವನ ಬಾಯಲ್ಲಿ ಬಂದದ್ದು ಮಾರನೆಯ ದಿನ.

ಅದಾದ ಒಂದೇ ವಾರಕ್ಕೆ ಅವನಿಗೆ ಏಟು ಬಿತ್ತು.

ಹುಡುಗರನ್ನು ನೋಡಿಕೊಳ್ಳುವ ಕೇರ್‌ಟೇಕರ್ ಸ್ನಾನದ ಮನೆಯಲ್ಲಿ ಒಡೆದ ಬಕೆಟ್ ಹಿಡಿದು ಯಾರು ಒಡೆದದ್ದು ಎಂದು ಕೇಳಿದ್ದ. ಅಂಥ ಹೊತ್ತಿನಲ್ಲಿ ಎಲ್ಲ ಹುಡುಗರೂ ಸಾಬಣ್ಣನನ್ನು ತೋರಿಸುತ್ತಿದ್ದರು. ಸಾಬಣ್ಣ "ಹೋ" ಎನ್ನುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಆ ದಿನ ಅವನು ಕನ್ನಡದಲ್ಲೇ, "ನಾ ಅಲ್ರಿ" ಎಂದ. ಕೇರ್‌ಟೇಕರ್‌ಗೆ ಮಾತು ತಿಳಿಯಲಿಲ್ಲ, ತಲೆಯನ್ನು ಅಡ್ಡ ಆಡಿಸಿದ ರೀತಿ ತಿಳಿಯಿತು. ಕೆನ್ನೆಗೆ ಹೊಡೆದ. ಮರುದಿನ ಹುಡುಗನ ಎಡಗಿವಿಯ ಕೆಳಗೆ ಊದಿಕೊಂಡಿತ್ತು.

ಅಕ್ಕೋರು ಅಧೀಕ್ಷಕರ ಕೋಣೆಗೆ ದೂರು ಒಯ್ದರು. ನಾನು ಫೈಲು ಹಿಡಿದು ಅಲ್ಲೇ ನಿಂತಿದ್ದೆ. ಅಧೀಕ್ಷಕರು ಕೆಟ್ಟ ಮನುಷ್ಯರಲ್ಲ, ದಣಿದ ಮನುಷ್ಯ. ಕೇರ್‌ಟೇಕರ್‌ಗೆ ನೋಟಿಸು ಕೊಡಲು ಒಪ್ಪಿದರು. ಆಮೇಲೆ ಮರಾಠಿಯಲ್ಲಿ ಹೇಳಿದರು, "ಬಾಯಿ, ನೀವು ಎಂಟು ತಾಸು ಇದ್ದು ಹೋಗುತ್ತೀರಿ. ಉಳಿದ ಹದಿನಾರು ತಾಸು ಈ ಹುಡುಗರನ್ನು ಹಿಡಿದಿಡಬೇಕಾದವರು ನಾವು. ಇಲ್ಲಿ ಒಬ್ಬೊಬ್ಬರೂ ಅಲ್ಲ ಅನ್ನೋಕೆ ಕಲಿತರೆ ನಡೆಸುವುದು ಹೇಗೆ?"

"ಅವನು ಹೌದು ಅನ್ನುತ್ತಿದ್ದಾಗ ನಿಮಗೆಲ್ಲ ಕೆಲಸ ಹಗುರವಾಗಿತ್ತು" ಎಂದರು ಅಕ್ಕೋರು. "ಅವನಿಗೆ ಹಗುರವಾಗಿರಲಿಲ್ಲ."

ಹೊರಗೆ ಬಂದು ಪಡಸಾಲೆಯ ಕಟ್ಟೆಯ ಮೇಲೆ ಕೂತರು. ಬಹಳ ಹೊತ್ತು ಬೆರಳು ನೀವಿಕೊಂಡರು. ನಂತರ ನನ್ನ ಮುಖ ನೋಡದೆ ಹೇಳಿದರು, "ಆ ಏಟು ನಾನ ಹೊಡದಂಗಾತ್ರಿ. ಅಲ್ಲ ಅಂದ್ರ ಹೊಡೀತಾರ ಅನ್ನೂದು ಅವನಿಗೆ ಗೊತ್ತಿತ್ತು. ನನಗ ಗೊತ್ತಿರಲಿಲ್ಲ."

ಬಸ್ಸಿನ ಹೊತ್ತಾಯಿತು ಎಂದೆ.

ಮುಂದಿನ ಒಂದು ತಿಂಗಳು ಅವರು ಕಲಿಸಿದ್ದು, ಯಾರ ಮುಂದೆ ಅಲ್ಲ ಎನ್ನಬೇಕು, ಯಾರ ಮುಂದೆ ಸುಮ್ಮನಿದ್ದು ಆಮೇಲೆ ಬಂದು ಅಕ್ಕೋರಿಗೆ ಹೇಳಬೇಕು ಎಂಬುದನ್ನು. "ಇದನ್ನ ಕಲಸಾಕ ನನಗ ನಾಚಿಕಿ ಬರತದ" ಎಂದು ಒಮ್ಮೆ ಅಂದರು. ಕಲಿಸುವುದನ್ನು ಬಿಡಲಿಲ್ಲ.

ಮಂಡಳಿಯ ಮುಂದೆ ಸಾಬಣ್ಣನ ತಾರೀಖು ಬಂತು. ಹಿಂದಿನ ಸಂಜೆ ಬಸ್ಸಿನಲ್ಲಿ ಅಕ್ಕೋರು ಎಂದೂ ಇಲ್ಲದೆ ಮಾತು ತೆಗೆದರು.

"ನಾಳೆ ನಾನು ಆ ರಿಪೋರ್ಟ್ ಬಗ್ಗೆ ಹೇಳಾಕಿದೀನ್ರಿ. ಅದನ್ನ ಬರಸ್ಕೊಂಡಾಗ ಇವನಿಗೆ ಏನೂ ತಿಳಿದಿರಲಿಲ್ಲ ಅಂತ. ನಾನು ಆಗ ಇರಲಿಲ್ಲ. ನನ್ನ ಮಾತಿಗೆ ಸಾಕ್ಷಿ ಇಲ್ಲ."

ಅವರು ಏನು ಕೇಳುತ್ತಿದ್ದಾರೆಂದು ನನಗೆ ತಿಳಿಯಿತು. "ನನಗ ಇನ್ನೂ ಹನ್ನೆರಡು ವರ್ಷ ನೌಕರಿ ಅದ, ಅಕ್ಕೋರ" ಎಂದೆ.

"ಅದ. ನಾನೇನು ಬರ್ರಿ ಅನ್ನೂದಿಲ್ಲ, ಬರಬ್ಯಾಡ್ರಿ ಅಂತನೂ ಅನ್ನೂದಿಲ್ಲ. ನೀವು ಅಲ್ಲಿ ಇದ್ದದ್ದು ಖರೆ. ಅಷ್ಟ ನನಗ ಗೊತ್ತು."

ಮರುದಿನ ಹೋದೆ. ಧೈರ್ಯ ಮಾಡಿ ಹೋದೆ ಎನ್ನಲಾರೆ. ಫೈಲು ಒಯ್ಯುವುದು ನನ್ನದೇ ಕೆಲಸವಾಗಿತ್ತು. ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟ್ ಮೇಡಂ, ಎರಡೂ ಪಕ್ಕ ಒಬ್ಬೊಬ್ಬ ಸದಸ್ಯರು. ಮೂಲೆಯಲ್ಲಿ ಸಾಬಣ್ಣನ ತಾಯಿ, ಸಿಮೆಂಟಿನಿಂದ ಬಿರಿದ ಪಾದಗಳ ಹೆಂಗಸು, ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಕ್ಕೋರು ಅನುಮತಿ ಪಡೆದು ಹೇಳಬೇಕಾದ್ದನ್ನು ಹೇಳಿದರು. ಮೇಡಂ ವರದಿ ತಿರುವಿ, "ಇದನ್ನು ಬರೆದುಕೊಳ್ಳುವಾಗ ಯಾರಿದ್ದರು?" ಎಂದು ಕೇಳಿದರು.

ಪ್ರೊಬೇಶನ್ ಅಧಿಕಾರಿ ಆ ಹೊತ್ತಿಗೆ ಬೇರೆ ಜಿಲ್ಲೆಗೆ ವರ್ಗವಾಗಿ ಹೋಗಿದ್ದರು. ಅಕ್ಕೋರು ನನ್ನ ಕಡೆ ತಿರುಗಲಿಲ್ಲ. ಎದುರಿನ ಗೋಡೆ ನೋಡುತ್ತ ನಿಂತಿದ್ದರು. ನನ್ನ ಬಾಯಿಂದ ಮಾತು ತಾನಾಗಿ ಹೊರಟಂತೆ ಹೊರಟಿತು. "ನಾನಿದ್ದೆ, ಮೇಡಂ. ಪ್ರಶ್ನೆಗಳೆಲ್ಲ ಮರಾಠಿಯಲ್ಲಿದ್ದವು. ಹುಡುಗನಿಗೆ ತಿಳಿದಿರಲಿಲ್ಲ. ಅವನು ತಾಯಿ ಎಲ್ಲಿದ್ದಾಳೆ ಎಂದು ಕನ್ನಡದಲ್ಲಿ ಕೇಳುತ್ತಿದ್ದ. ನನಗೆ ಕನ್ನಡ ಬರುತ್ತದೆ. ನಾನು ಹೇಳಲಿಲ್ಲ."

"ಯಾಕೆ ಹೇಳಲಿಲ್ಲ?"

ನಾನು ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದೆ. ಮೇಡಂ ಸ್ವಲ್ಪ ಹೊತ್ತು ಕಾದು, ಬರೆದುಕೊಂಡರು.

ವೈದ್ಯರ ತಪಾಸಣೆ, ಹೊಸ ವರದಿ, ಕನ್ನಡದಲ್ಲಿ ಮತ್ತೆ ಹೇಳಿಕೆ, ಇಷ್ಟೆಲ್ಲ ಆಗಲು ನಾಲ್ಕು ತಿಂಗಳು ಹಿಡಿಯಿತು. ಹೇಳಿಕೆಯ ದಿನ ಅಕ್ಕೋರು ಮಂಡಳಿಯ ಒಂದೊಂದು ಪ್ರಶ್ನೆಯನ್ನೂ ಮೂರು ಬಗೆಯಲ್ಲಿ ಕೇಳಿದರು. "ನೀ ತಂತಿ ಕತ್ತರಿಸಿದಿಯೇನು?" "ಇಲ್ರಿ." "ಯಾರು ಕತ್ತರಿಸಿದ್ರು?" ಅವನಿಗೆ ಗೊತ್ತಿದ್ದ ಇಬ್ಬರ ಹೆಸರು ಹೇಳಿದ. "ಮತ್ತ ನೀ ಯಾಕ ಕುಂತಿದ್ದಿ?" "ಕುಂದ್ರು ಅಂದ್ರರಿ. ಬರ್ತೀವಿ ಅಂದ್ರರಿ." ಮಂಡಳಿ ಅವನನ್ನು ತಾಯಿಯ ಜೊತೆ ಕಳಿಸಿತು. ಹೋಗುವಾಗ ಆ ತಾಯಿ ಅಕ್ಕೋರ ಕಾಲು ಮುಟ್ಟಲು ಬಾಗಿದಳು. ಅಕ್ಕೋರು ಹಿಂದೆ ಸರಿದು, "ಅವನ್ನ ಬೈಬ್ಯಾಡ್ರಿ. ಏನರ ಕೇಳಿದ್ರ ಸಾವಕಾಶ ಹೇಳ್ರಿ. ಎಷ್ಟ ಸಲ ಕೇಳಿದ್ರೂ ಹೇಳ್ರಿ" ಎಂದರು.

ನನ್ನನ್ನು ಆರು ತಿಂಗಳು ಉಗ್ರಾಣಕ್ಕೆ ಹಾಕಿದರು. ಸೋಪು, ಚಾದರ, ಬಕೆಟ್ಟು ಎಣಿಸುವ ಕೆಲಸ. ಅಕ್ಕೋರು ನನ್ನನ್ನು ಹೊಗಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಒಮ್ಮೆ ಮಾತ್ರ ಉಗ್ರಾಣದ ಬಾಗಿಲಲ್ಲಿ ನಿಂತು, "ಇದಕ್ಕ ಮುಂಚೆ ಎಷ್ಟ ಮಂದಿ ಹಿಂಗ ಹೌದು ಅಂದು ಹೋಗಿರಬೇಕ್ರಿ?" ಎಂದು ಕೇಳಿದರು. ಆಪಾದನೆಯ ದನಿಯಲ್ಲಿ ಕೇಳಲಿಲ್ಲ. ನಿಜವಾಗಿಯೂ ತಿಳಿಯಲೆಂದು ಕೇಳಿದರು. ಹಳೆಯ ಕೆಲವು ಮುಖಗಳು ನೆನಪಾದವು. ಎಣಿಸುತ್ತಿದ್ದ ಚಾದರಗಳ ಲೆಕ್ಕ ತಪ್ಪಿತು.

ಅವರ ಗುತ್ತಿಗೆಯನ್ನು ಒಮ್ಮೆ ಮುಂದುವರಿಸಿದರು. ಎರಡನೆಯ ಸಲ ಮುಂದುವರಿಸಲಿಲ್ಲ. ಕಾರಣ ಯಾರೂ ಬರೆದು ಕೊಡಲಿಲ್ಲ. ಕೋಣೆಗೆ ಮತ್ತೆ ಹಾಸಿಗೆಗಳು ಬಂದವು. ಅವರು ಧನಕವಡಿಯ ಮನೆಯಲ್ಲೇ, ಬಿಡುಗಡೆಯಾದ ಕೆಲವು ಹುಡುಗರಿಗೆ ಭಾನುವಾರ ಪಾಠ ಹೇಳುತ್ತಿದ್ದರು. ಒಂದಷ್ಟು ತಿಂಗಳು ನಾನೂ ಹೋದೆ. ಆಮೇಲೆ ಬಿಟ್ಟೆ. ಬಿಡಲು ಏನೂ ಕಾರಣವಿರಲಿಲ್ಲ. ಒಂದು ಭಾನುವಾರ ಹೋಗಲಿಲ್ಲ, ಮುಂದಿನ ಭಾನುವಾರವೂ ಹೋಗಲಿಲ್ಲ.

ಹೋದ ವರ್ಷ ಅವರ ತಂಗಿ ಫೋನ್ ಮಾಡಿದರು. ಸಂಧಿವಾತ ಶ್ವಾಸಕೋಶಕ್ಕೆ ಇಳಿದಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ, ನಿಮ್ಮನ್ನು ನೆನೆಸಿದಳು ಎಂದರು. ನಮ್ಮ ಮನೆಯಿಂದ ಆ ಆಸ್ಪತ್ರೆಗೆ ಬಸ್ಸಿನಲ್ಲಿ ಎರಡು ನಿಲ್ದಾಣ. ನಾಳೆ ಹೋಗೋಣ ಎಂದುಕೊಂಡೆ. ಹನ್ನೆರಡು ದಿನ ಹಾಗೆ ಅಂದುಕೊಂಡೆ. ಹದಿಮೂರನೆಯ ದಿನ ಮತ್ತೆ ಫೋನ್ ಬಂತು, ಅಕ್ಕ ಹೋದಳು ಎಂದು. ಆಫೀಸಿನಲ್ಲಿದ್ದೆ. ಫೋನ್ ಕೆಳಗಿಟ್ಟು, ಅರ್ಧವಾಗಿದ್ದ ಪಟ್ಟಿಯನ್ನು ಪೂರ್ತಿ ಟೈಪು ಮಾಡಿದೆ. ಮಧ್ಯಾಹ್ನ ಊಟ ಮಾಡಿದೆ. ಸಂಜೆ ಅವರ ಮನೆಗೆ ಹೋದೆ. ಹೊತ್ತು ಮೀರಿತ್ತು, ಎಲ್ಲ ಮುಗಿದಿತ್ತು. ನಡುಮನೆಯಲ್ಲಿ ನೀರು ಹಾಕಿ ತೊಳೆದಿದ್ದ ನೆಲ ಇನ್ನೂ ಹಸಿ ಇತ್ತು. ತಂಗಿ ಚಹಾ ಕೊಟ್ಟರು. ಕುಡಿದು ಬಂದೆ. ಅಳು ಬರಲಿಲ್ಲ. ಬರಬೇಕಿತ್ತು ಎಂದು ಗೊತ್ತಿತ್ತು, ಅಷ್ಟೇ.

ವಾರದ ಮೇಲೆ, ಯಾಕೆಂದು ಹೇಳಲಾರೆ, ಸಾಬಣ್ಣನ ಹಳೆಯ ಫೈಲು ತೆಗೆದು ಅವನ ತಾಯಿಯ ನಂಬರಿಗೆ ಫೋನ್ ಮಾಡಿದೆ. ಹತ್ತುವುದಿಲ್ಲ ಎಂದುಕೊಂಡಿದ್ದೆ. ಹತ್ತಿತು. ಅವರು ರಾಂಜಣಗಾಂವದಲ್ಲೇ ಇನ್ನೊಂದು ಕಟ್ಟಡದ ಕೆಲಸದ ಮೇಲಿದ್ದರು. ವಿಷಯ ಹೇಳಿದೆ. ಆಕೆ, "ಅಯ್ಯ ನನ್ನವ್ವ" ಎಂದಳು. "ಅವಗ ನೀವ ಹೇಳ್ರಿ, ನನ್ನ ಕೈಲಿ ಆಗೂದಿಲ್ಲ" ಎಂದು ಮಗನಿಗೆ ಕೊಟ್ಟಳು. ದನಿ ಒಡೆದು ಗಂಡಸಿನದಾಗಿತ್ತು. ಹಿಂದೆ ಕಾಂಕ್ರೀಟ್ ಕಲಸುವ ಯಂತ್ರ ತಿರುಗುತ್ತಿತ್ತು.

"ಸಾಬಣ್ಣ, ಅಕ್ಕೋರು ತೀರಿಕೊಂಡ್ರಪ್ಪ."

"ಅಂದ್ರೇನ್ರಿ?"

"ಅಂದ್ರ... ಸತ್ತ್ರು. ಇನ್ನ ಬರೂದಿಲ್ಲ."

ಅವನು ಯೋಚಿಸುತ್ತಿದ್ದ. ಯಂತ್ರದ ಸದ್ದು ಕಡಿಮೆಯಾಯಿತು, ಪಕ್ಕಕ್ಕೆ ಸರಿದಿರಬೇಕು.

"ಬ್ಯಾನಿ ಆಗಿತ್ತೇನ್ರಿ?"

"ಹೌದು. ಉಸಿರಿಂದು. ದವಾಖಾನಿಯೊಳಗ ಇದ್ರು."

"ಭಾಳ ದಿನಾ ಇದ್ರೇನ್ರಿ?"

"ಹನ್ನೆರಡು ದಿನ."

"ನೀವು ಹೋಗಿದ್ರೇನ್ರಿ?"

"ಇಲ್ಲ."

"ಯಾಕ್ರಿ?"

ಅವನಿಗೆ ತಿಳಿಯಬೇಕಿತ್ತು, ಕೇಳಿದ. ನಾನು ಕಿಟಕಿಯ ಹೊರಗೆ ನೋಡಿದೆ. ಅಂಗಳದಲ್ಲಿ ಹೊಸದಾಗಿ ಬಂದ ಹುಡುಗರನ್ನು ಸಾಲಾಗಿ ಕೂರಿಸಿದ್ದರು.

"ಹೋಗಬೇಕಾಗಿತ್ತಪ್ಪ" ಎಂದೆ. "ದವಾಖಾನಿ ಹತ್ತರನ ಇತ್ತು. ಹೋಗಲಿಲ್ಲ."

ಅವನು ಫೋನ್ ಇಡಲಿಲ್ಲ. ಅವನ ಉಸಿರು ಕೇಳುತ್ತಿತ್ತು. ನಾನು ಮೇಜಿನ ಮೇಲೆ ತಲೆಯಿಟ್ಟು, ಫೋನನ್ನು ಕಿವಿಗೆ ಒತ್ತಿಕೊಂಡು ಹಾಗೇ ಕೂತೆ.